ಸಾಮಾಜಿಕ ಜಾಲತಾಣ ಸಾಕ್ಷರತೆ, ತರುಣರಲ್ಲಿ

ಸಾಮಾಜಿಕ ಜಾಲತಾಣಗಳಲ್ಲಿ ಕಂಡುದನ್ನು ಪರೀಕ್ಷಿಸಿ ಗ್ರಹಿಸುವ, ತನ್ನ ಹಾಗೂ ಪರರ ಖಾಸಗಿ ವಿವರಗಳನ್ನು ಕಾಪಾಡಿಕೊಳ್ಳುವ, ವಂಚನೆಯ ಲಕ್ಷಣಗಳನ್ನು ಆರಂಭದಲ್ಲಿಯೇ ಗುರುತಿಸುವ ಮತ್ತು ಆಪತ್ತು ಒದಗಿದಾಗ ಸಂಕೋಚವಿಲ್ಲದೆ ನೆರವನ್ನು ಕೋರುವ ವಿವೇಕ. ಮೊಬೈಲನ್ನು ಬಳಸುವ ಕೌಶಲದಲ್ಲಿ ಇಂದಿನ ಬಾಲಕಬಾಲಿಕೆಯರು ಹಿರಿಯರನ್ನು ಎಂದೋ ಮೀರಿಸಿರುವರಾದರೂ ಈ ವಿವೇಕವು ಅದರೊಡನೆ ತಾನಾಗಿ ಬರುವಂತಹುದಲ್ಲ.

ವದಂತಿಯ ಘೋರ ಪರಿಣಾಮವನ್ನು ಕರ್ನಾಟಕವು ಕಣ್ಣಾರೆ ಕಂಡಿದೆ. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಚಾಕೊಲೇಟು ಹಂಚಿದ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಬಗೆದು, ವಾಟ್ಸ್‌ಆಪ್ ಸಂದೇಶಗಳಿಂದ ಉದ್ರಿಕ್ತವಾದ ಜನಸಮೂಹವು ಅವರಲ್ಲಿದ್ದ ಹೈದರಾಬಾದಿನ ತರುಣ ಎಂಜಿನಿಯರೊಬ್ಬನನ್ನು ಹೊಡೆದು ಕೊಂದಿತು. ಅದೇ ವರ್ಷ ನೆರೆಯ ಕೇರಳದ ಕಣ್ಣೂರು ಜಿಲ್ಲೆಯಲ್ಲಿ, ಲಸಿಕೆಯ ವಿರುದ್ಧ ಹಬ್ಬಿದ್ದ ಸುಳ್ಳುಸುದ್ದಿಯ ಹಾನಿಯನ್ನು ಕಂಡಿದ್ದ ಜಿಲ್ಲಾಡಳಿತವು, ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ಪಾಠಕ್ರಮವನ್ನು ಆರಂಭಿಸಿ, ಸುದ್ದಿಯ ಮೂಲವನ್ನು ವಿಚಾರಿಸುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಲು ಯತ್ನಿಸಿತು. ಇದು ಎಲ್ಲೆಡೆಯೂ ಅನುಕರಣೀಯವಾದ ಮಾರ್ಗ.

ತರುಣರನ್ನು ಗುರಿಯಾಗಿಸಿಕೊಂಡ ಅಪರಾಧಗಳಲ್ಲಿ ಅತ್ಯಂತ ಕ್ರೂರವಾದುದು ಖಾಸಗಿ ಚಿತ್ರಗಳನ್ನು ಮುಂದಿಟ್ಟು ನಡೆಸುವ ಸುಲಿಗೆ. ಅಪರಿಚಿತನು ಸಮವಯಸ್ಕರ ಸೋಗಿನಲ್ಲಿ ಸ್ನೇಹ ಬೆಳೆಸಿ, ಸವಿಮಾತುಗಳಿಂದ ನಂಬಿಸಿ, ವಿಡಿಯೊ ಕರೆಯಲ್ಲಿ ಕಂಡುದನ್ನು ಗುಟ್ಟಾಗಿ ದಾಖಲಿಸಿಕೊಂಡು, ಅದನ್ನು ಬಂಧುಮಿತ್ರರಿಗೆಲ್ಲ ಕಳುಹಿಸುವೆನೆಂದು ಬೆದರಿಸಿ ಹಣ ಕೇಳುತ್ತಾನೆ. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಸಾಮಾನ್ಯ ಭಾವಚಿತ್ರವನ್ನೇ ಅಶ್ಲೀಲವಾಗಿ ಮಾರ್ಪಡಿಸಬಹುದಾದ ಈ ಕಾಲದಲ್ಲಿ ಅಂತಹ ಚಿತ್ರವನ್ನು ಎಂದೂ ತೆಗೆಯದವರೂ ಈ ಬಲೆಗೆ ಸಿಲುಕುವುದುಂಟು. ಒಮ್ಮೆ ತೆತ್ತವರಿಂದ ಮತ್ತೆ ಮತ್ತೆ ಕೇಳುವುದೇ ಈ ದಂಧೆಯ ರೀತಿ. ಚಿತ್ರಕ್ಕಿಂತಲೂ ಹೆಚ್ಚಾಗಿ ಅಪರಾಧಿಗೆ ಒದಗುವ ಬಂಡವಾಳವೆಂದರೆ ‘ಮನೆಯಲ್ಲಿ ಏನೆಂದಾರು’ ಎಂಬ ಮಗುವಿನ ಭಯವಾದುದರಿಂದ, ಮೊಬೈಲನ್ನು ಕಸಿದುಕೊಂಡು ಗದರಿಸುವುದನ್ನೇ ಶಿಕ್ಷಣವೆಂದು ಭಾವಿಸಿದ ತಂದೆತಾಯಿಗಳು ತಮಗರಿವಿಲ್ಲದೆ ಅವನಿಗೆ ಸಹಾಯಕರಾಗುತ್ತಾರೆ. ಮಗುವು ಮೊದಲು ಬಂದು ಹೇಳುವಂತಹ ವಿಶ್ವಾಸವು ಮನೆಯಲ್ಲಿಯೂ ಶಾಲೆಯಲ್ಲಿಯೂ ಇಲ್ಲದಿದ್ದಲ್ಲಿ ಉಳಿದ ಯಾವ ಎಚ್ಚರಿಕೆಯೂ ಪೂರ್ಣ ಫಲ ಕೊಡಲಾರದು. ಬೆದರಿಕೆ ಬಂದೊಡನೆ ಹಣ ಕೊಡದೆ, ಸಂದೇಶಗಳನ್ನು ಅಳಿಸದೆ, ಅವುಗಳ ಸ್ಕ್ರೀನ್‌ಶಾಟ್ ತೆಗೆದಿರಿಸಿ, ದೂರು ಕೊಡುವುದು ಕರ್ತವ್ಯ.

ಭಾರತದ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಅಧಿನಿಯಮವು, 2008ರ ತಿದ್ದುಪಡಿಯಿಂದ ಸೇರಿದ 66ಸಿ, 66ಡಿ ಮತ್ತು 66ಇ ಪ್ರಕರಣಗಳ ಮೂಲಕ ಅನುಕ್ರಮವಾಗಿ ಗುರುತಿನ ವಿವರಗಳ ಕಳವು, ಸೋಗಿನ ವಂಚನೆ ಮತ್ತು ಖಾಸಗಿತನದ ಭಂಗಗಳಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಮಕ್ಕಳ ಅಶ್ಲೀಲ ಚಿತ್ರಣಕ್ಕೆ 67ಬಿ ಪ್ರಕರಣವೂ 2012ರ ಪೋಕ್ಸೊ ಕಾಯಿದೆಯೂ ಅನ್ವಯಿಸುತ್ತವೆ. ಬೆಂಗಳೂರಿನಲ್ಲಿ 2001ರಲ್ಲಿಯೇ ಸೈಬರ್ ಅಪರಾಧ ಠಾಣೆ ಸ್ಥಾಪಿತವಾಯಿತು. ಮುಂದೆ ಜಿಲ್ಲೆಗಳಲ್ಲಿಯೂ ಸೈಬರ್, ಆರ್ಥಿಕ ಮತ್ತು ಮಾದಕದ್ರವ್ಯ ಅಪರಾಧಗಳ (ಸೆನ್) ಪೊಲೀಸ್ ಠಾಣೆಗಳು ಆರಂಭವಾದವು. ಮಕ್ಕಳ ಸಹಾಯವಾಣಿ 1098. ಹಣ ಕಳೆದುಕೊಂಡಾಗ ಕರೆಯಬೇಕಾದುದು 1930. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಅತಿ ಶೀಘ್ರವಾಗಿ ಸಾಗಿಸುವುದರಿಂದ ಮೊದಲ ಗಂಟೆಯೊಳಗಿನ ಕರೆಗೆ ವಿಶೇಷ ಬೆಲೆಯುಂಟು.

ಆ ಖಾತೆಗಳಲ್ಲಿ ಅನೇಕವು ವಿದ್ಯಾರ್ಥಿಗಳದ್ದೇ ಆಗಿರುವುದು ಖೇದಕರ. ಅಲ್ಪ ಕಮಿಷನ್ನಿನ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನೋ ಸಿಮ್ ಕಾರ್ಡನ್ನೋ ಅನ್ಯರಿಗೆ ಒಪ್ಪಿಸಿದ ತರುಣನು, ವಂಚನೆಯ ಹಣ ಅದರ ಮೂಲಕ ಹರಿದಾಗ, ಸ್ವತಃ ಆರೋಪಿಯಾಗಿ ಠಾಣೆಯ ಮೆಟ್ಟಿಲೇರಬೇಕಾಗುತ್ತದೆ.