ಲ್ಯಾಪ್‌ಟಾಪಿಗೆ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಆಯ್ಕೆ

ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಎಂದರೆ ಆಕರ ಸಂಕೇತವನ್ನು ಯಾರು ಬೇಕಾದರೂ ಪರಿಶೀಲಿಸಿ, ಬಳಸಿ, ಮಾರ್ಪಡಿಸಿ, ಹಂಚಲು ಪರವಾನಗಿಯಿರುವ ಕಾರ್ಯಾಚರಣಾ ವ್ಯವಸ್ಥೆ. ವೈಯಕ್ತಿಕ ಲ್ಯಾಪ್‌ಟಾಪುಗಳಲ್ಲಿ ಇಂತಹವುಗಳ ಪೈಕಿ ಹೆಚ್ಚು ಬಳಕೆಯಲ್ಲಿರುವುವು ಲಿನಕ್ಸ್ ಆಧಾರಿತ ವಿತರಣೆಗಳು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರಗಳನ್ನು ಸುರಕ್ಷಿತವಾಗಿ ಬಳಸಲು ಇವು ಒಂದು ಮಾರ್ಗವಾಗಿವೆ.

ಹಿನ್ನೆಲೆ

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನೆಲನ್ನು ಬಿಡುಗಡೆ ಮಾಡಿದರು. ಕರ್ನೆಲ್‌ನೊಂದಿಗೆ ಅಗತ್ಯ ತಂತ್ರಾಂಶಗಳನ್ನು ಜೋಡಿಸಿದ ರೂಪವೇ ವಿತರಣೆ. ಡೆಬಿಯನ್ 1993ರಲ್ಲಿ, ಉಬುಂಟು 2004ರಲ್ಲಿ, ಲಿನಕ್ಸ್ ಮಿಂಟ್ 2006ರಲ್ಲಿ ಆರಂಭವಾದವು.

ಕನ್ನಡ ಶಾಲೆಗಳಲ್ಲಿ ಬಳಕೆ

ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟುವನ್ನು ಬಳಸಲಾಯಿತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಇದರಲ್ಲಿ ಶಿಕ್ಷಣ ಇಲಾಖೆಯೊಂದಿಗೆ ಸಹಭಾಗಿಯಾಗಿತ್ತು. ಕೇರಳದ ಕೈಟ್ ಸಂಸ್ಥೆಯು ಉಬುಂಟು ಆಧಾರಿತ ವ್ಯವಸ್ಥೆಯನ್ನು ಆ ರಾಜ್ಯದ ಶಾಲೆಗಳಿಗೆ ಒದಗಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದರ ವ್ಯಾಪ್ತಿಗೆ ಸೇರಿವೆ.

ಆಯ್ಕೆಯ ಮಾನದಂಡಗಳು

ಯಂತ್ರದ ಸಾಮರ್ಥ್ಯ: 4 ಜಿಬಿ ಅಥವಾ ಹೆಚ್ಚಿನ ಸ್ಮೃತಿಯಿರುವ ಯಂತ್ರಕ್ಕೆ ಮಿಂಟ್‌ನ ಸಿನಮನ್ ಆವೃತ್ತಿ ಹೊಂದುತ್ತದೆ. ಇದರ ಪರದೆಯ ವಿನ್ಯಾಸ ವಿಂಡೋಸ್ ಬಳಸಿದವರಿಗೆ ಪರಿಚಿತವೆನಿಸುತ್ತದೆ. ಸ್ಮೃತಿ ಕಡಿಮೆಯಿದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಲುಬುಂಟು ಸೂಕ್ತ. ಮಿಂಟ್‌ನ ಮುಖ್ಯ ಆವೃತ್ತಿಗಳು 2020ರಿಂದ 64 ಬಿಟ್ ಯಂತ್ರಗಳಿಗೆ ಮಾತ್ರ ಲಭ್ಯ.

ಬೆಂಬಲದ ಅವಧಿ: ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಗಳಿಗೊಮ್ಮೆ ಬರುತ್ತದೆ, ಅದಕ್ಕೆ ಐದು ವರ್ಷ ಭದ್ರತಾ ಪರಿಷ್ಕರಣೆಗಳು ದೊರೆಯುತ್ತವೆ. ಫೆಡೋರಾದ ಪ್ರತಿ ಆವೃತ್ತಿಗೆ ಬೆಂಬಲವಿರುವುದು ಸುಮಾರು 13 ತಿಂಗಳು. ಪದೇ ಪದೇ ಆವೃತ್ತಿ ಬದಲಿಸಲು ಇಚ್ಛಿಸದ ಹೊಸಬರಿಗೆ ದೀರ್ಘಾವಧಿ ಆವೃತ್ತಿಯೇ ಅನುಕೂಲ.

ಕನ್ನಡ ಬರವಣಿಗೆ: ಐಬಸ್ ಮತ್ತು ಎಂ17ಎನ್ ತಂತ್ರಾಂಶಗಳ ಮೂಲಕ ಕೆಜಿಪಿ ಹಾಗೂ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸಗಳಲ್ಲಿ ಬೆರಳಚ್ಚು ಮಾಡಬಹುದು. ಲೋಹಿತ್, ಗುಬ್ಬಿ, ನವಿಲು ಎಂಬ ಯೂನಿಕೋಡ್ ಫಾಂಟುಗಳು ಉಚಿತವಾಗಿ ಲಭ್ಯ.

ಹಳೆಯ ಕನ್ನಡ ಕಡತಗಳು

ನುಡಿ, ಬರಹ ಮುಂತಾದವುಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ಹೊಂದಿಸಲಾಗಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣಿಸುತ್ತವೆ. ಕಡತ ನಾಶವಾಗಿರುವುದಿಲ್ಲ, ಓದಲು ಬಾರದಂತಾಗಿರುತ್ತದೆ, ಅಷ್ಟೆ. ಆದ್ದರಿಂದ ಹಳೆಯ ವ್ಯವಸ್ಥೆಯನ್ನು ತೆಗೆಯುವ ಮೊದಲೇ ಇವುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಮೂಲದೊಂದಿಗೆ ಹೋಲಿಸಿ ನೋಡುವುದು ಉತ್ತಮ.

ಪರೀಕ್ಷೆ ಮತ್ತು ಅನುಸ್ಥಾಪನೆ

ಬಹುತೇಕ ವಿತರಣೆಗಳನ್ನು ಪೆನ್‌ಡ್ರೈವ್‌ನಿಂದಲೇ ಚಾಲನೆ ಮಾಡಿ ಪರೀಕ್ಷಿಸಬಹುದು. ಇದಕ್ಕೆ 8 ಜಿಬಿ ಪೆನ್‌ಡ್ರೈವ್ ಸಾಮಾನ್ಯವಾಗಿ ಸಾಕಾಗುತ್ತದೆ. ಅದರಲ್ಲಿ ಮೊದಲಿದ್ದ ಕಡತಗಳು ಅಳಿಸಿಹೋಗುತ್ತವೆ. ಈ ಹಂತದಲ್ಲಿ ವೈಫೈ, ಧ್ವನಿ, ಕ್ಯಾಮೆರಾ, ಮುದ್ರಕ ಮತ್ತು ಕನ್ನಡ ಬೆರಳಚ್ಚು ಸರಿಯಾಗಿವೆಯೇ ಎಂದು ನೋಡಬೇಕು. ಪರೀಕ್ಷೆಯಿಂದಲೇ ಲ್ಯಾಪ್‌ಟಾಪಿನ ಡಿಸ್ಕ್ ಬದಲಾಗುವುದಿಲ್ಲ. ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶ ಅನಿವಾರ್ಯವಾಗಿದ್ದರೆ ಎರಡೂ ವ್ಯವಸ್ಥೆಗಳನ್ನು ಒಂದೇ ಯಂತ್ರದಲ್ಲಿ ಇರಿಸಿಕೊಳ್ಳಬಹುದು.

ಅನುಸ್ಥಾಪನೆಯ ವೇಳೆ ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯನ್ನು ಒತ್ತಿದರೆ ಅದರಲ್ಲಿನ ಛಾಯಾಚಿತ್ರ, ದಾಖಲೆಗಳೆಲ್ಲ ಹೋಗುತ್ತವೆ. ಹೀಗಾಗಿ ಮೊದಲು ಬೇರೊಂದು ಡಿಸ್ಕಿಗೆ ಪ್ರತಿ ತೆಗೆದು, ಆ ಪ್ರತಿ ತೆರೆದುಕೊಳ್ಳುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಮುಂದುವರಿಯಬೇಕು.