ಮರುಭೂಮಿಯ ಧೂಳು ಅಂದೋಲಾವರೆಗೂ ಬರುತ್ತದೆಯೇ?

ಆಕಾಶ ಮಬ್ಬಾದರೆ ಸಾಕು, ‘ಮರುಭೂಮಿಯ ವಿಷದ ಧೂಳು ಬಂದಿದೆ, ಎಲ್ಲರಿಗೂ ಕಳಿಸಿ’ ಎಂಬಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಇದು ನಿಜವೇ?

ಅಷ್ಟು ದೂರ ಬರಬಲ್ಲದೇ?
ಬರಬಲ್ಲದು. ಬಿರುಗಾಳಿ ಎಬ್ಬಿಸಿದ ದಪ್ಪ ಮರಳು ಹತ್ತಿರದಲ್ಲೇ ಬೀಳುತ್ತದೆ. ಸಣ್ಣ ಕಣಗಳು ಗಾಳಿಯಲ್ಲಿ ದಿನಗಟ್ಟಲೆ ತೇಲುತ್ತವೆ. 2022ರ ಜನವರಿ 23ರಂದು ಮುಂಬೈಯನ್ನು ಮಬ್ಬಾಗಿಸಿದ್ದು ಸುಮಾರು 900 ಕಿ.ಮೀ. ದೂರದ ಕರಾಚಿ ಕಡೆಯಿಂದ ಬಂದ ಧೂಳು.

ನಮ್ಮೂರಿನ ಮಬ್ಬಿಗೂ ಅದೇ ಕಾರಣವೇ?
ಪ್ರತಿಸಲ ಅಲ್ಲ. ಜೇವರ್ಗಿ ತಾಲ್ಲೂಕಿನ ಅಂದೋಲಾದಂಥ ಊರುಗಳಲ್ಲಿ ತೊಗರಿ ರಾಶಿಯ ಹೊಟ್ಟು, ಮಣ್ಣಿನ ರಸ್ತೆ, ಕಸ ಸುಟ್ಟ ಹೊಗೆ ಕೂಡ ಗಾಳಿ ಕೆಡಿಸುತ್ತವೆ. ಒಂದೇ ಊರಲ್ಲಿ ಮಬ್ಬಿದ್ದರೆ ಕಾರಣ ಸ್ಥಳೀಯವಾಗಿರುವ ಸಾಧ್ಯತೆ ಹೆಚ್ಚು. ಹಲವು ಜಿಲ್ಲೆಗಳಲ್ಲಿ ಒಟ್ಟಿಗೇ ಕಂಡರೆ ದೂರದ ಧೂಳಿರಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಕಲಬುರಗಿಯ ಅಂಕಿ ನೋಡಿ. ಧೂಳಿದ್ದಾಗ ಪಿಎಂ 10 ಜಿಗಿಯುತ್ತದೆ. ಹೊಗೆಯಿದ್ದಾಗ ಹೆಚ್ಚುವುದು ಮುಖ್ಯವಾಗಿ ಪಿಎಂ 2.5.

ಅದು ವಿಷವೇ?
ಬಹುಪಾಲು ಮಣ್ಣಿನ ಖನಿಜವೇ. ಹಾಗೆಂದು ನಿರಪಾಯಕಾರಿಯಲ್ಲ. ಭಾರತದಲ್ಲಿ ಪಿಎಂ 10ರ ದಿನದ ಮಿತಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ. ಅದು ಮೀರಿದಾಗ ಅಸ್ತಮಾ, ಹೃದ್ರೋಗ ಇರುವವರು, ಮಕ್ಕಳು, ವಯಸ್ಸಾದವರು ಆದಷ್ಟು ಒಳಗಿರಲಿ. ಹೊರಗೆ ಹೋಗಲೇಬೇಕಾದರೆ ಎನ್95 ಮಾಸ್ಕ್ ಧರಿಸಿ; ಟವೆಲ್ ಸುತ್ತಿಕೊಂಡರೆ ಸಣ್ಣ ಕಣ ತಡೆಯುವುದಿಲ್ಲ. ಇನ್‌ಹೇಲರ್ ತಪ್ಪಿಸಬೇಡಿ. ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯರನ್ನು ಕಾಣಿ.

ತೀರ್ಮಾನ: ಅರ್ಧ ಸತ್ಯ. ಧೂಳು ದೂರದಿಂದ ಬರಬಹುದು, ಆದರೆ ಪ್ರತಿ ಮಬ್ಬೂ ಮರುಭೂಮಿಯದಲ್ಲ. ಫಾರ್ವರ್ಡ್ ಮಾಡುವ ಮೊದಲು ದಿನಾಂಕ, ಊರು, ಅಂಕಿ ನೋಡಿ.