ಅಡ್ಯಾರಿನ ದರ್ಶನೀಯ ಸ್ಥಳಗಳೂ ಕನ್ನಡನಾಡಿನ ಸಂಬಂಧವೂ

ಚೆನ್ನೈ ನಗರಕ್ಕೆ ಬರುವ ಪ್ರವಾಸಿಗಳು ಸೇಂಟ್ ಜಾರ್ಜ್ ಕೋಟೆ, ಎಗ್ಮೋರಿನ ವಸ್ತುಸಂಗ್ರಹಾಲಯ, ಮೈಲಾಪುರದ ಕಪಾಲೀಶ್ವರ ದೇವಾಲಯ ಮೊದಲಾದುವನ್ನು ನೋಡಿದ ಮೇಲೆ ಅಡ್ಯಾರಿಗೆ ಹೋಗುವುದು ವಾಡಿಕೆ. ಅಲ್ಲಿಯ ಆಲದ ಮರವನ್ನೂ ಕಡಲತೀರವನ್ನೂ ಕಂಡು ಹಿಂದಿರುಗುವವರೇ ಹೆಚ್ಚು. ಈ ನಗರದಲ್ಲಿ ನೆಲಸಿದ ಕನ್ನಡಿಗರು ಊರಿನಿಂದ ಬಂದ ಬಂಧುಗಳಿಗೆ ತೋರಿಸುವುದೂ ಸಾಮಾನ್ಯವಾಗಿ ಇಷ್ಟನ್ನೇ. ಆದರೆ ಕನ್ನಡನಾಡಿನ ವಿದ್ಯಾಭ್ಯಾಸ, ಸ್ತ್ರೀಯರ ಸಾರ್ವಜನಿಕ ಜೀವನ, ಸಾಹಿತ್ಯ, ಸಂಗೀತ ಈ ನಾಲ್ಕರ ಆಧುನಿಕ ಚರಿತ್ರೆಯನ್ನು ಬರೆಯುವವರು ಅಡ್ಯಾರಿನ ಹೆಸರನ್ನು ಬಿಡುವಂತಿಲ್ಲ. ಅಲ್ಲಿ ಕಣ್ಣಿಗೆ ಕಾಣುವ ಸ್ಥಳಗಳ ಹಿಂದೆ ಇರುವ ಈ ಸಂಬಂಧವನ್ನು ಅರಿತು ನೋಡಿದರೆ ಮಾತ್ರ ಕನ್ನಡಿಗನ ಅಡ್ಯಾರ್ ದರ್ಶನವು ಪೂರ್ಣವಾದೀತು.

ನಗರದ ದಕ್ಷಿಣಕ್ಕೆ ಅಡ್ಯಾರ್ ನದಿಯು ಸಮುದ್ರವನ್ನು ಸೇರುತ್ತದೆ. 1746ರ ಅಕ್ಟೋಬರಿನಲ್ಲಿ ಫ್ರೆಂಚರ ಸಣ್ಣ ದಳವೊಂದು ಆರ್ಕಾಟಿನ ನವಾಬನ ದೊಡ್ಡ ಸೇನೆಯನ್ನು ಹಿಮ್ಮೆಟ್ಟಿಸಿದ್ದು ಈ ನದಿಯ ದಡದಲ್ಲಿಯೇ. ಅಳಿವೆಯ ತೆಂಕಣ ದಂಡೆಯ ಮೇಲೆ ಹರಡಿಕೊಂಡಿರುವ ವಿಶಾಲವಾದ ತೋಪು ಥಿಯಾಸಾಫಿಕಲ್ ಸೊಸೈಟಿಗೆ ಸೇರಿದುದು. ಮೇಡಂ ಬ್ಲವಾಟ್ಸ್ಕಿ, ಕರ್ನಲ್ ಆಲ್ಕಾಟ್ ಮೊದಲಾದವರು 1875ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಈ ಸಂಸ್ಥೆಯು 1882ರಲ್ಲಿ ಇಲ್ಲಿ ನೆಲೆಯೂರಿತು. ತೋಪಿನೊಳಗೆ ಹಿಂದೂ ದೇವಾಲಯ, ಬೌದ್ಧ ಮಂದಿರ, ಮಸೀದಿ, ಇಗರ್ಜಿ, ಪಾರಸಿಗಳ ಮಂದಿರ ಇವೆಲ್ಲವೂ ಇವೆ. ಹೆಸರಾಂತ ಆಲದ ಮರದ ಮೂಲಕಾಂಡವು 1989ರ ಬಿರುಗಾಳಿಗೆ ಉರುಳಿತು. ಈಗ ಅಲ್ಲಿ ನಿಂತಿರುವುದು ಬಿಳಲುಗಳಿಂದ ಬೆಳೆದ ಕಾಂಡಗಳ ಸಮೂಹ.

ಇದೇ ತೋಪಿನಲ್ಲಿರುವ ಅಡ್ಯಾರ್ ಗ್ರಂಥಾಲಯವನ್ನು 1886ರಲ್ಲಿ ಆಲ್ಕಾಟರು ಸ್ಥಾಪಿಸಿದರು. ಓಲೆಗರಿಯ ಗ್ರಂಥಗಳಿಗೆ ಇದು ಪ್ರಖ್ಯಾತವಾದುದು. ಇದರ ನಿರ್ದೇಶಕರಾಗಿದ್ದ ಎ. ಮಹಾದೇವ ಶಾಸ್ತ್ರಿಗಳು ಮೊದಲು ಮೈಸೂರಿನ ಸರ್ಕಾರಿ ಓರಿಯೆಂಟಲ್ ಲೈಬ್ರರಿಯ ಕ್ಯುರೇಟರ್ ಆಗಿದ್ದವರು. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದದ್ದು ಮೈಸೂರಿನ ಆ ಗ್ರಂಥಾಲಯದಿಂದಲೇ. ಅಲ್ಲಿ ಪಳಗಿದ ಸಂಪಾದನಕಾರ್ಯದ ಅನುಭವವನ್ನು ಮಹಾದೇವ ಶಾಸ್ತ್ರಿಗಳು ಅಡ್ಯಾರಿಗೆ ತಂದು, ಉಪನಿಷದ್ಬ್ರಹ್ಮಯೋಗಿಯ ವ್ಯಾಖ್ಯಾನದೊಡನೆ ಉಪನಿಷತ್ತುಗಳ ಸಂಪುಟಗಳನ್ನು 1920ರಿಂದ ಪ್ರಕಟಿಸಿದರು.

ಮೈಸೂರಿನಿಂದ ಅಡ್ಯಾರಿಗೆ ವಿದ್ವತ್ತು ಹರಿದು ಬಂದಂತೆ, ಅಡ್ಯಾರಿನಿಂದ ಕನ್ನಡನಾಡಿಗೂ ಪ್ರೇರಣೆ ಹರಿದು ಹೋಯಿತು. 1907ರಿಂದ 1933ರವರೆಗೆ ಸೊಸೈಟಿಯ ಅಧ್ಯಕ್ಷೆಯಾಗಿದ್ದ ಆನಿ ಬೆಸೆಂಟರು 1916ರಲ್ಲಿ ಹೋಂ ರೂಲ್ ಚಳವಳಿಯನ್ನು ಕಟ್ಟಿದರು. ಅದರೊಡನೆ ಬೆಳೆದ ರಾಷ್ಟ್ರೀಯ ಶಿಕ್ಷಣದ ಕಾರ್ಯದಿಂದಲೇ 1917ರಲ್ಲಿ ಬೆಂಗಳೂರಿನ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲೂ, 1918ರಲ್ಲಿ ಮಂಗಳೂರಿನಲ್ಲಿ ಬೆಸೆಂಟರ ಹೆಸರಿನ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯೂ ಹುಟ್ಟಿದವು. ಮಂಗಳೂರಿನ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ದುಡಿದ ಮಾರ್ಗರೆಟ್ ಕಸಿನ್ಸರು 1917ರಲ್ಲಿ ಅಡ್ಯಾರಿನಲ್ಲಿ ಆರಂಭವಾದ ಭಾರತೀಯ ಮಹಿಳಾ ಸಂಘದ ಸ್ಥಾಪಕರಲ್ಲಿ ಒಬ್ಬರು. ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತದ್ದು ಈಕೆಯ ಪ್ರೋತ್ಸಾಹದಿಂದ. ಕಮಲಾದೇವಿಯವರು ಅಲ್ಪ ಮತಗಳ ಅಂತರದಿಂದ ಸೋತರು. ಆದರೂ ಮುಂದೆ ಸ್ತ್ರೀಯರು ಶಾಸನಸಭೆಗೆ ಸ್ಪರ್ಧಿಸಲು ಅದು ದಾರಿಯಾಯಿತು.

ಮಾರ್ಗರೆಟರ ಪತಿ ಜೇಮ್ಸ್ ಕಸಿನ್ಸರು ಐರ್ಲೆಂಡಿನ ಕವಿ. ಬೆಸೆಂಟರ 'ನ್ಯೂ ಇಂಡಿಯಾ' ಪತ್ರಿಕೆಗಾಗಿ 1915ರಲ್ಲಿ ಇಲ್ಲಿಗೆ ಬಂದು, ತಮ್ಮ ನಾಡಿನ 1916ರ ದಂಗೆಯನ್ನು ಮೆಚ್ಚಿ ಲೇಖನ ಬರೆದುದಕ್ಕಾಗಿ ಆ ಕೆಲಸವನ್ನು ಕಳೆದುಕೊಂಡವರು. ಆ ಬಳಿಕ ಮದನಪಲ್ಲಿಯಲ್ಲಿ ಸೊಸೈಟಿಯ ಕಾಲೇಜಿನಲ್ಲಿ ಅಧ್ಯಾಪಕರಾದರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ರೂಪಿಸುವುದರಲ್ಲಿ ನೆರವಾದವರೂ ಇವರೇ. 1924ರಲ್ಲಿ ಇವರು ಮೈಸೂರಿಗೆ ಬಂದಿದ್ದಾಗ, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ವಿದ್ಯಾರ್ಥಿಯೊಬ್ಬನು ತನ್ನ ಕವನಗಳನ್ನು ತೋರಿಸಿದನು. ಮಾತೃಭಾಷೆಯಲ್ಲಿ ಬರೆಯಬೇಕೆಂದು ಕಸಿನ್ಸರು ಆತನಿಗೆ ಬುದ್ಧಿವಾದ ಹೇಳಿದರು. ಆ ವಿದ್ಯಾರ್ಥಿಯೇ ಕುವೆಂಪು. ಅಡ್ಯಾರಿನ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ನಡೆಯಿತು, ಅದರಿಂದ ದೇಶಭಾಷೆಗಳಿಗೆ ಏನೂ ದೊರೆಯಲಿಲ್ಲವೆಂದು ಆಕ್ಷೇಪಿಸುವವರು ಈ ಸಂಗತಿಯನ್ನು ನೆನೆಯಬೇಕು. ಕುವೆಂಪು ಅವರ ಪ್ರತಿಭೆಗೆ ಕಸಿನ್ಸರು ಕಾರಣರೆಂದು ಹೇಳುವುದು ಅತಿಶಯೋಕ್ತಿ. ಆ ಪ್ರತಿಭೆಯು ಕನ್ನಡದ ಕಡೆಗೆ ತಿರುಗಿದ ಗಳಿಗೆಯಲ್ಲಿ ಅಡ್ಯಾರಿನ ಬಳಗಕ್ಕೆ ಸೇರಿದ ಪರದೇಶಿಯೊಬ್ಬನ ಮಾತು ಇತ್ತೆಂಬುದು ಮಾತ್ರ ನಿಶ್ಚಯ.

ಈ ಬಳಗದಿಂದಲೇ ಬಂದ ರುಕ್ಮಿಣೀದೇವಿ ಅರುಂಡೇಲರು 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಅಡ್ಯಾರಿನ ತೋಪಿನಲ್ಲಿ ಹುಟ್ಟಿದ ಈ ಸಂಸ್ಥೆಯು 1962ರಲ್ಲಿ ಸಮೀಪದ ತಿರುವಾನ್ಮಿಯೂರಿಗೆ ಸ್ಥಳಾಂತರಗೊಂಡಿತು. ಮರಗಳ ನೆರಳಿನಲ್ಲಿ ನಡೆಯುವ ತರಗತಿಗಳು, ಕೇರಳದ ಕೂತ್ತಂಬಲದ ಮಾದರಿಯ ರಂಗಮಂದಿರ, ಕೈಮಗ್ಗದ ಶಾಲೆ ಇವು ಪ್ರೇಕ್ಷಣೀಯ. ವರ್ಷಾಂತ್ಯದ ಕಲೋತ್ಸವಕ್ಕೆ ದೂರದ ಊರುಗಳಿಂದಲೂ ರಸಿಕರು ಬರುತ್ತಾರೆ. ಇಲ್ಲಿಯ ರಾಮಾಯಣ ನೃತ್ಯನಾಟಕಗಳನ್ನು ನೋಡುವ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಅವುಗಳ ಸಂಗೀತವು ಮೈಸೂರಿನದೆಂಬುದು ತಿಳಿದಿರುವುದಿಲ್ಲ. ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ವಾಸುದೇವಾಚಾರ್ಯರು (1865–1961) ರುಕ್ಮಿಣೀದೇವಿಯವರ ಆಹ್ವಾನದ ಮೇರೆಗೆ ಇಳಿವಯಸ್ಸಿನಲ್ಲಿ ಇಲ್ಲಿಗೆ ಬಂದು, ವಾಲ್ಮೀಕಿಯ ಶ್ಲೋಕಗಳಿಗೆ ರಾಗಸಂಯೋಜನೆ ಮಾಡಿದರು. ಆರು ಭಾಗಗಳ ಈ ಮಾಲೆಯಲ್ಲಿ ಅವರ ಕಾಲಾನಂತರ ಉಳಿದುದನ್ನು ಮೊಮ್ಮಗ ಎಸ್. ರಾಜಾರಾಂ ಪೂರ್ಣಗೊಳಿಸಿದರು. ಆಚಾರ್ಯರ ಕೃತಿಗಳು ತೆಲುಗು, ಸಂಸ್ಕೃತಗಳಲ್ಲಿವೆ. ಆದರೆ ತಾವು ಬಲ್ಲ ಸಂಗೀತಗಾರರ ಚಿತ್ರಗಳನ್ನು 'ನಾ ಕಂಡ ಕಲಾವಿದರು' ಎಂಬ ಗ್ರಂಥದಲ್ಲಿ ಅವರು ಬರೆದದ್ದು ಕನ್ನಡದಲ್ಲಿ.

ಬೆಸೆಂಟರ ಹೆಸರನ್ನೇ ಹೊತ್ತ ಬೆಸೆಂಟ್ ನಗರದ ಎಲಿಯಟ್ಸ್ ಕಡಲತೀರದಲ್ಲಿ ಸಂಜೆ ಕಳೆಯುವುದು ಇಂದಿಗೂ ಜನಪ್ರಿಯ. 1930ರಲ್ಲಿ ಮುಳುಗುತ್ತಿದ್ದವರನ್ನು ರಕ್ಷಿಸಲು ಹೋಗಿ ಪ್ರಾಣ ತೆತ್ತ ಡೇನಿಷ್ ನಾವಿಕ ಕಾರ್ಲ್ ಸ್ಮಿಟ್‌ನ ಸ್ಮಾರಕ ಅಲ್ಲಿದೆ. ಡಾಕ್ಟರ್ ಮುತ್ತುಲಕ್ಷ್ಮೀ ರೆಡ್ಡಿಯವರು 1954ರಲ್ಲಿ ಸ್ಥಾಪಿಸಿದ ಕ್ಯಾನ್ಸರ್ ಆಸ್ಪತ್ರೆಯೂ ಅಡ್ಯಾರಿನ ಕೀರ್ತಿಯನ್ನು ಹರಡಿದೆ.

ಹೊರನಾಡಿನಲ್ಲಿ ಹುಟ್ಟಿ ಬೆಳೆಯುವ ಕನ್ನಡದ ಮಕ್ಕಳಿಗೆ ತಾಯ್ನಾಡು ರಜೆಯಲ್ಲಿ ಹೋಗಿ ಬರುವ ದೂರದ ಊರಾಗಿ ಮಾತ್ರ ಉಳಿಯುವ ಭಯವಿದೆ. ತಾವು ವಾಸಿಸುವ ನಗರಕ್ಕೂ ತಮ್ಮ ಭಾಷೆಗೂ ಕೊಡುಕೊಳ್ಳುವಿಕೆ ನಡೆದಿದೆಯೆಂದು ಅವರು ಅರಿತರೆ ಆ ದೂರವು ಸ್ವಲ್ಪವಾದರೂ ಕಡಿಮೆಯಾದೀತು. ಗ್ರಂಥಾಲಯದಲ್ಲಿ ಮಹಾದೇವ ಶಾಸ್ತ್ರಿಗಳನ್ನೂ, ತೋಪಿನಲ್ಲಿ ಕಸಿನ್ಸ್ ದಂಪತಿಗಳನ್ನೂ, ಕಲಾಕ್ಷೇತ್ರದಲ್ಲಿ ವಾಸುದೇವಾಚಾರ್ಯರನ್ನೂ ನೆನೆಯುವಂತೆ ಒಂದು ದಿನದ ಅಡ್ಯಾರ್ ಯಾತ್ರೆಯನ್ನು ಏರ್ಪಡಿಸುವುದು ಇಲ್ಲಿಯ ಕನ್ನಡ ಸಂಘಗಳಿಗೆ ಕಷ್ಟವಾಗಲಾರದು. ಹೆಚ್ಚು ಹಣ ಬೇಡುವ ಕಾರ್ಯವೂ ಅದಲ್ಲ. ತಿಳಿದವರೊಬ್ಬರು ಜೊತೆಗಿದ್ದು ಕನ್ನಡದಲ್ಲಿ ವಿವರಿಸಿದರೆ ಸಾಕು.